ನಮ್ಮ ಅಂಗಡಿಯ ಗೋಡೆಯ ಮೇಲೆ ನಿಮ್ಮ ಅಲೆ

ಸಮುದ್ರದ ಮುನ್ಸೂಚನೆ ಹೊರಡಿಸುವ ಕಚೇರಿಯ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ, ನಿಮ್ಮ ಕಚೇರಿ ದಿನಾ ಸಂಜೆ ಹೊರಡಿಸುವ ಮುನ್ಸೂಚನೆಯಲ್ಲಿ ನನಗೆ ಅರ್ಥವಾಗದ ಒಂದು ಪದವೂ ಇಲ್ಲ. ನನ್ನ ದೂರು ಅದೇ. ಅದು ಅರ್ಥವಾಗಬೇಕಾದವರು ಬೇರೆ ಇದ್ದಾರೆ, ಅವರಿಗೆ ಆಗುತ್ತಿಲ್ಲ. ಕಳೆದ ಅಕ್ಟೋಬರಿನ ಒಂದು ಗುರುವಾರ ನಾನು ನಿಮ್ಮ ಮುನ್ಸೂಚನೆಯನ್ನು ಒಂದಕ್ಷರ ತಪ್ಪದೆ ಓದಿ ಹೇಳಿದೆ. ಅದನ್ನು ನಂಬಿ ಒಬ್ಬ ಮನುಷ್ಯ, ಹೋಗಬಾರದ ದಿನ, ಕಡಲಿಗೆ ಹೋದ. ಎಡಗೈ ಮುರಿದುಕೊಂಡು ಬಂದ. ಬಂದನಲ್ಲ ಎಂಬ ಸಮಾಧಾನದಲ್ಲೇ ಒಂಬತ್ತು ತಿಂಗಳು ಸುಮ್ಮನಿದ್ದೆ. ಈಗ ಮತ್ತೆ ಅವನು ಹೋಗುವ ದಿನ ಹತ್ತಿರ ಬಂದಿದೆ. ಆದ್ದರಿಂದ ಈ ಪತ್ರ.

ಮೊದಲು ನಾನು ಎಲ್ಲಿಂದ ಬರೆಯುತ್ತಿದ್ದೇನೆಂದು ಹೇಳಿಬಿಡುತ್ತೇನೆ. ನೀವು ನಗುವುದಿದ್ದರೆ ಈಗಲೇ ನಕ್ಕುಬಿಡಿ, ಮುಂದೆ ಕೆಲಸವಿದೆ. ನಾನು ಬೈಲಹೊಂಗಲದವಳು. ನಮ್ಮ ಸುತ್ತಮುತ್ತ ಇರುವ ಅತಿ ದೊಡ್ಡ ನೀರೆಂದರೆ ಸವದತ್ತಿಯ ಹತ್ತಿರ ನವಿಲುತೀರ್ಥದಲ್ಲಿ ಕಟ್ಟೆ ಹಾಕಿ ನಿಲ್ಲಿಸಿದ ಮಲಪ್ರಭೆ. ಅಲ್ಲಿ ಅಲೆ ಎದ್ದರೆ ಎಮ್ಮೆ ಮಗ್ಗಲು ಬದಲಿಸಿತೆಂದು ಅರ್ಥ. ನಮ್ಮ ಪಟ್ಟಣದ ಮುಕ್ಕಾಲು ಪಾಲು ಜನ ಸಮುದ್ರ ನೋಡಿದ್ದು ಶಾಲೆಯ ಪ್ರವಾಸದಲ್ಲಿ ಒಮ್ಮೆ, ಮದುವೆಯಾದ ಮೇಲೆ ಒಮ್ಮೆ. ಆದರೂ ನನ್ನ ಫೋನಿನಲ್ಲಿ ಮಾಜಾಳಿಯಿಂದ ಭಟ್ಕಳದವರೆಗಿನ ಕಡಲಿನ ಸ್ಥಿತಿ ದಿನಾ ತೆರೆದುಕೊಳ್ಳುತ್ತದೆ, ಮತ್ತು ಅದನ್ನು ನಾನು ಬೈಲಹೊಂಗಲದ ಬಜಾರದಲ್ಲಿ ಕೂತು ಗಟ್ಟಿಯಾಗಿ ಓದುತ್ತೇನೆ.

ಕಾರಣ ಇಂಗ್ಲಿಷು. ನನ್ನ ತಂದೆ ಮೆಹಬೂಬಸಾಬರು ದರ್ಜಿ. ಮಗಳು ದೊಡ್ಡ ಸಾಹೇಬಳಾಗಲಿ ಎಂದು ನನ್ನನ್ನು ಬೆಳಗಾವಿಯ ಇಂಗ್ಲಿಷ್ ಮಾಧ್ಯಮದ ಶಾಲೆಗೆ ಹಾಕಿದರು. ನಾನು ಪದವಿ ಮುಗಿಸಿ ಬಂದು ಅವರ ಕತ್ತರಿಯನ್ನೇ ಹಿಡಿದೆ. ಈಗ ಅಂಗಡಿ ನನ್ನದು. ಹೆಂಗಸರ ರವಿಕೆ, ಚೂಡಿದಾರ ಹೊಲಿಯುತ್ತೇವೆ. ಅಪ್ಪ ಮೂಲೆಯಲ್ಲಿ ಹಳೆಯ ಮಶಿನ್ನಿನ ಮುಂದೆ ಕೂತು ಕಾಜಾ ಹಾಕುತ್ತ ಎಲ್ಲರ ಮಾತಿಗೂ ಹೊಲಿಗೆ ಹಾಕುತ್ತಾರೆ. ನನ್ನ ಇಂಗ್ಲಿಷು ಇಪ್ಪತ್ತು ವರ್ಷ ಅಕ್ಕಪಕ್ಕದವರ ಔಷಧಿ ಚೀಟಿ ಓದಲು, ಬ್ಯಾಂಕಿನ ಅರ್ಜಿ ತುಂಬಲು ಬಳಕೆಯಾಯಿತು. ಈಗ ಅರಬ್ಬೀ ಸಮುದ್ರ ಓದಲು ಬಳಕೆಯಾಗುತ್ತಿದೆ. ಇದು ಬಡ್ತಿಯೋ ಶಿಕ್ಷೆಯೋ ಇನ್ನೂ ತಿಳಿದಿಲ್ಲ.

ನಮ್ಮ ಅಂಗಡಿಯಲ್ಲಿ ಹುಕ್ಕು ಹಚ್ಚುವ, ಸೀರೆಗೆ ಫಾಲ್ ಹೊಲಿಯುವ ಕೆಲಸ ರಾಣಿಯದು. ಅವಳ ಗಂಡ ಬಾಳೇಶ ತೊರಗಲ್ ಕಡೆಯವನು. ಅವರ ಮನೆತನದವರು ಹಿಂದೆ ಮಲಪ್ರಭೆಯಲ್ಲಿ ಹರಗೋಲು ನಡೆಸಿ ಜನರನ್ನು ದಾಟಿಸುತ್ತಿದ್ದರಂತೆ. ಸೇತುವೆ ಬಂದ ಮೇಲೆ ಒಕ್ಕಲುತನಕ್ಕೆ ಇಳಿದರು. ನೀರಿನ ನಂಟು ರಕ್ತದಲ್ಲಿ ಉಳಿದಿತ್ತೋ ಏನೋ, ಬಾಳೇಶ ಎರಡು ವರ್ಷದ ಹಿಂದೆ ಕಾರವಾರಕ್ಕೆ ಹೋಗಿ ಮೀನು ಹಿಡಿಯುವ ಬೋಟಿನಲ್ಲಿ ಬಲೆ ಎಳೆಯುವ ಕೆಲಸಕ್ಕೆ ಸೇರಿಕೊಂಡ. ಅವನೊಬ್ಬನೇ ಅಲ್ಲ. ನಮ್ಮ ಕರಿಮಣ್ಣಿನ ನಾಡಿನ ಹತ್ತಾರು ಜನ ಅಲ್ಲಿ ಉಪ್ಪುನೀರಿನಲ್ಲಿದ್ದಾರೆ. ನಿಮ್ಮ ಪಟ್ಟಿಯಲ್ಲಿ ಅವರು ‘ಕರಾವಳಿಯ ಮೀನುಗಾರರು’. ಅವರಲ್ಲಿ ಅರ್ಧ ಜನಕ್ಕೆ ಈಜು ಬರುತ್ತದೆಯೋ ಇಲ್ಲವೋ ಎಂದು ಯಾರೂ ಕೇಳಿಲ್ಲ.

ಬೋಟು ಹೊರಡುವ ಹಿಂದಿನ ಸಂಜೆ ತಂಡೇಲ, ಅಂದರೆ ಬೋಟು ನಡೆಸುವ ಯಜಮಾನ, ಎಲ್ಲರನ್ನೂ ಕರೆದು, ‘ಹವಾ ಹಿಂಗಿದೆ, ಮನಸ್ಸಿದ್ದವರು ಬನ್ನಿ’ ಎನ್ನುತ್ತಾನಂತೆ. ದಡದಲ್ಲಿ ಹುಟ್ಟಿದವರು ಮೋಡ ನೋಡಿ, ನೀರಿನ ಬಣ್ಣ ನೋಡಿ, ಮುದುಕರ ಮುಖ ನೋಡಿ ತೀರ್ಮಾನಿಸುತ್ತಾರೆ. ಬಾಳೇಶನಿಗೆ ಆ ವಿದ್ಯೆ ಇಲ್ಲ. ಅವನು, ‘ಮನ್ಯಾಗ ಕೇಳಿ ಹೇಳತೇನಿ’ ಎಂದು ಫೋನು ತೆಗೆಯುತ್ತಾನೆ. ಜೊತೆಯವರು ನಗುತ್ತಾರೆ. ‘ತಡೀರೋ, ಬಾಳೇಶನ ಹೆಂಡತಿ ರೇಡಿಯೋ ಹಚ್ಚಬೇಕು’ ಎಂದು ಛೇಡಿಸುತ್ತಾರೆ. ಅವನು ರಾಣಿಗೆ ಫೋನು ಮಾಡುತ್ತಾನೆ, ರಾಣಿ ನನ್ನನ್ನು ಕೇಳುತ್ತಾಳೆ, ನಾನು ನಿಮ್ಮನ್ನು ಓದುತ್ತೇನೆ. ಹೀಗೆ ನಿಮ್ಮ ಉಪಗ್ರಹದಿಂದ ಹೊರಟ ಮಾತು ಸಮುದ್ರವೇ ಇಲ್ಲದ ಊರಿನ ದರ್ಜಿ ಅಂಗಡಿಯನ್ನು ಸುತ್ತಿ ಸಮುದ್ರಕ್ಕೆ ಮರಳುತ್ತದೆ. ಇದು ಬೇಕಾದ ದಾರಿಯೇ ಎಂದು ನೀವು ಕೇಳಬಹುದು. ನಾನೂ ಕೇಳುತ್ತಿದ್ದೇನೆ. ನೇರವಾದ ದಾರಿ ಯಾವುದು ಮಾನ್ಯರೇ?

ನಿಮ್ಮ ಕನ್ನಡದ ಆವೃತ್ತಿ ಇದೆಯಲ್ಲ ಎನ್ನುತ್ತೀರಿ. ಇದೆ. ಸಾಮಾನ್ಯವಾಗಿ ಬೋಟು ಹೋದ ಮೇಲೆ ಬರುತ್ತದೆ. ಅದರಲ್ಲಿ ಹೀಗಿರುತ್ತದೆ: ‘ಸಮುದ್ರವು ಮಧ್ಯಮದಿಂದ ಪ್ರಕ್ಷುಬ್ಧ ಸ್ಥಿತಿಯಲ್ಲಿರುವ ಸಂಭಾವ್ಯತೆಯಿದ್ದು, ಮೀನುಗಾರರು ಸಾಹಸಕ್ಕೆ ಮುಂದಾಗದಿರಲು ಸಲಹೆ ನೀಡಲಾಗಿದೆ.’ ಇದನ್ನು ಓದಿ ಹೇಳಿದಾಗ ರಾಣಿ, ‘ಅಕ್ಕಾರ, ಇದನ್ನ ಕನ್ನಡದಾಗ ಹೇಳ್ರಿ’ ಅಂದಳು. ನನಗೂ ಇಂಗ್ಲಿಷೇ ಸುಲಭವೆನಿಸಿತು. ಒಂದು ಮಾತು ನೆನಪಿನಲ್ಲಿ ಇಟ್ಟುಕೊಳ್ಳಿ. ಕಿತ್ತೂರಿನ ಆಸುಪಾಸಿನಲ್ಲಿ ಗಂಡಸಿಗೆ ‘ಸಾಹಸ ಮಾಡಬೇಡ’ ಎಂದು ಹೇಳುವುದು ತಡೆಯಲಿಕ್ಕಲ್ಲ, ಹುರಿದುಂಬಿಸಲಿಕ್ಕೆ.

ಇನ್ನು ಆ ಗುರುವಾರದ ಕಥೆ.

ಅವತ್ತು ರಾಣಿಯ ಅತ್ತೆ ಬಾಯವ್ವ ತೊರಗಲ್ಲಿನಿಂದ ಬಸ್ಸಿನಲ್ಲಿ ಬಂದಿದ್ದರು, ಮೂರು ರವಿಕೆ ಕಣ ಹೊಲಿಯಲು ಹಾಕಬೇಕೆಂದು. ಎಪ್ಪತ್ತರ ಹತ್ತಿರದ ಹೆಂಗಸು, ಎಲ್ಲಮ್ಮನ ಭಕ್ತೆ, ಸೆರಗಿನ ಗಂಟಿನಲ್ಲಿ ಯಾವಾಗಲೂ ಒಂದು ಚಿಟಿಕೆ ಭಂಡಾರ, ಅಂದರೆ ದೇವಿಗೆ ಏರಿಸಿದ ಅರಿಷಿಣ ಪುಡಿ. ನಾನು ಒಂದು ತೋಳು ಕತ್ತರಿಸುತ್ತಿದ್ದೆ. ಬಾಳೇಶನ ಫೋನು ಬಂತು.

‘ಅಕ್ಕಾರ, ಕೇಳಾಕತ್ತಾರ್ರಿ. ಇವತ್ತ ಏನ್ ಅಂತೈತಿ?’ ಅಂದಳು ರಾಣಿ.

ನಾನು ಒಂದು ಕೈಯಲ್ಲಿ ಕತ್ತರಿ, ಒಂದು ಕೈಯಲ್ಲಿ ಫೋನು ಹಿಡಿದು ನಿಮ್ಮ ನಕ್ಷೆ ತೆರೆದೆ. ಕರಾವಳಿಯ ಉದ್ದಕ್ಕೂ ಒಂದು ಪಟ್ಟಿ. ‘ಹಳದಿ ಐತಿ. ಅಲೆ ಎರಡು ಪಾಯಿಂಟ್ ಆರು ಮೀಟರ್’ ಅಂದೆ.

‘ಎರಡೂವರಿ ಮೀಟರಂದ್ರ ಒಂದ ಚೂಡಿದಾರದ ಅರಿವಿ ಆತು’ ಅಂದಳು ರಾಣಿ, ನಗುತ್ತ.

‘ಏನ್ ಬಣ್ಣ ಅಂದಿ ಯವ್ವಾ?’ ಬಾಯವ್ವ ಮುಂದಕ್ಕೆ ಬಾಗಿದರು. ನಾನು ಫೋನು ತೋರಿಸಿದೆ. ಅವರು ಕಣ್ಣು ಕಿರಿದು ಮಾಡಿ ನೋಡಿದರು. ನೀಲಿ ನೀರಿನ ಅಂಚಿಗೆ ಉದ್ದಕ್ಕೆ ಹಳದಿ. ಅವರ ಮುಖ ಅರಳಿತು. ‘ನಮ್ಮವ್ವ ಭಂಡಾರ ಹಾರಿಸ್ಯಾಳ ನೋಡ! ದಂಡಿಗುಂಟ ಹಾರಿಸ್ಯಾಳ! ಕೊಡ ಇಲ್ಲೆ ಫೋನ.’ ರಾಣಿಯ ಕೈಯಿಂದ ಕಸಿದುಕೊಂಡು ಮಗನಿಗೆ ಹೇಳಿದರು: ‘ಬಾಳ್ಯಾ, ಭಂಡಾರ ಐತಪಾ. ತಾಯಿ ನಿನ್ನ ಕೂಡ ಅದಾಳ. ಹೋಗಿ ಬಾ.’

ಮಾನ್ಯರೇ, ನಾನು ಇದನ್ನು ಕೇಳಿಸಿಕೊಂಡೆ. ನನ್ನಿಂದ ಮುಚ್ಚಿಡಲಾಗದ ಸಂಗತಿ ಇದೊಂದೇ. ನಿಮ್ಮ ಹಳದಿಗೆ ‘ಎಚ್ಚರವಿರಲಿ’ ಎಂಬ ಅರ್ಥವಿದೆ ಎಂದು ನನಗೆ ಗೊತ್ತಿತ್ತು. ‘ಬಾಯವ್ವಾರ, ಹಂಗಲ್ಲ’ ಎನ್ನಲು ಬಾಯಿ ತೆರೆದೆ, ಮುಚ್ಚಿದೆ. ನಾನು ಮುಸಲ್ಮಾನಳು. ಹಿರಿಯ ಹೆಂಗಸೊಬ್ಬಳು ದೇವಿಯ ಹೆಸರು ಹೇಳಿ ಮಗನಿಗೆ ಹರಸುತ್ತಿರುವಾಗ ನಡುವೆ ಬಾಯಿ ಹಾಕಿ, ಅದು ಭಂಡಾರ ಅಲ್ಲ ಎನ್ನಲು ನಾನ್ಯಾರು? ನಮ್ಮ ಊರಲ್ಲಿ ಒಬ್ಬರ ದೇವರ ಮಾತಿಗೆ ಇನ್ನೊಬ್ಬರು ಅಡ್ಡ ಬರುವುದಿಲ್ಲ. ಒಂದೇ ಓಣಿಯಲ್ಲಿ ಇಷ್ಟು ವರ್ಷ ನೆಟ್ಟಗೆ ಬದುಕಿದ್ದು ಹಾಗೆಯೇ. ಜೊತೆಗೆ, ಹಳದಿಯೆಂದರೆ ಕೆಂಪಲ್ಲವಲ್ಲ, ತಂಡೇಲ ನೋಡಿಕೊಳ್ಳುತ್ತಾನೆ ಎಂದೂ ಅಂದುಕೊಂಡೆ. ನನ್ನ ಮೌನಕ್ಕೆ ಸೌಜನ್ಯ ಎಂದು ಹೆಸರಿಟ್ಟು ತೋಳು ಕತ್ತರಿಸಲು ಹೋದೆ. ಅದು ಸೌಜನ್ಯವೋ, ಸಂಕೋಚವೋ, ಕೈಯಲ್ಲಿದ್ದ ಕೆಲಸ ಮುಗಿಸುವ ಆತುರವೋ ಎಂದು ಇವತ್ತಿಗೂ ನನ್ನನ್ನೇ ಕೇಳಿಕೊಳ್ಳುತ್ತೇನೆ.

ಶುಕ್ರವಾರ ನಸುಕಿನಲ್ಲಿ ಬೋಟು ಹೋಯಿತು. ಶನಿವಾರ ನಿಮ್ಮ ನಕ್ಷೆ ಕಿತ್ತಳೆ ಬಣ್ಣಕ್ಕೆ ತಿರುಗಿತು. ಅಷ್ಟೊತ್ತಿಗೆ ಬಾಳೇಶನ ಫೋನಿಗೆ ಸಿಗ್ನಲ್ ಇಲ್ಲ. ಬೋಟಿನ ವೈರ್‌ಲೆಸ್ಸೂ ಕೆಟ್ಟು ಕೂತಿತ್ತೆಂದು ಆಮೇಲೆ ತಿಳಿಯಿತು. ಜೊತೆಗೆ ಹೋದ ಬೇರೆ ಬೋಟುಗಳು ಅರ್ಧಕ್ಕೇ ತಿರುಗಿ ಬಂದವು, ಇದೊಂದು ಬರಲಿಲ್ಲ. ರಾಣಿ ಅಂಗಡಿಗೆ ಬಂದಳು, ಮನೆಯಲ್ಲಿ ಕೂರಲಾಗುವುದಿಲ್ಲ ಎಂದು. ಅವಳು ಅವತ್ತು ಹಚ್ಚಿದ ಹುಕ್ಕುಗಳೆಲ್ಲ ಉಲ್ಟಾ. ಅಪ್ಪ ಅವನ್ನು ಸದ್ದಿಲ್ಲದೆ ಬಿಚ್ಚಿ ಮತ್ತೆ ಹಚ್ಚಿದರು. ಭಾನುವಾರ ಅಂಗಡಿಗೆ ರಜೆ, ಆದರೂ ಮೂವರೂ ಬಾಗಿಲು ಅರ್ಧ ಎಳೆದುಕೊಂಡು ಒಳಗೆ ಕೂತೆವು. ಫೋನು ಕತ್ತರಿಸುವ ಮೇಜಿನ ಮೇಲೆ. ಯಾರೂ ಅದರ ಮುಖ ನೋಡುತ್ತಿರಲಿಲ್ಲ, ಎಲ್ಲರೂ ಅದನ್ನೇ ಕೇಳಿಸಿಕೊಳ್ಳುತ್ತಿದ್ದೆವು.

ಸಂಜೆ ಐದಕ್ಕೆ ಯಾರದೋ ಫೋನಿನಿಂದ ಬಾಳೇಶ ಮಾತಾಡಿದ. ಒಂದು ನಡುಗಡ್ಡೆಯ ಮರೆಗೆ ಬೋಟು ನಿಲ್ಲಿಸಿ ಒಂದೂವರೆ ದಿನ ಕಳೆದಿದ್ದರು. ಹಗ್ಗ ಸುತ್ತಿಕೊಂಡು ಅವನ ಎಡಗೈ ಮುರಿದಿತ್ತು. ಮೊದಲು ಅಂದ ಮಾತೇನು ಗೊತ್ತೇ? ‘ರಾಣಿ, ಚಪ್ಪಲಿ ಹೋದೂ. ಹೊಸಾವು.’ ಅವಳು ನಕ್ಕಳು, ಆಮೇಲೆ ಅತ್ತಳು, ಆಮೇಲೆ ಚಪ್ಪಲಿಗಾಗಿ ಬೈದಳು. ಆ ಕ್ರಮದಲ್ಲಿ.

ವಾರದ ಮೇಲೆ ಪ್ಲಾಸ್ಟರ್ ಹಾಕಿದ ಕೈ ಕೊರಳಿಗೆ ಕಟ್ಟಿಕೊಂಡು ಅಂಗಡಿಗೆ ಬಂದ. ನಾನು ಕೇಳಿಯೇಬಿಟ್ಟೆ: ‘ಬಾಳೇಶ, ಅಲ್ಲಿ ಬಂದರದಾಗ ಹಳದಿ ಅಂದ್ರ ಏನ್ ಅಂತ ನಿನಗ ಗೊತ್ತಿರಲಿಲ್ಲೇನು?’

‘ಗೊತ್ತಿತ್ರಿ. ಹುಷಾರ ಅಂತ. ಅದಕ್ಕ ಅಳುಕಾಗಿ ಮನಿಗೆ ಫೋನ್ ಮಾಡಿದ್ನಿ.’

‘ಮತ್ತ?’

‘ಮತ್ತೇನ್ರಿ ಅಕ್ಕಾರ, ಅವ್ವ ಭಂಡಾರ ಅಂದ ಮ್ಯಾಲ ಹಳದಿಗೆ ಬ್ಯಾರೇ ಅರ್ಥ ಹೆಂಗ ಹುಡುಕೂದು? ನೀವೂ ಅಲ್ಲೇ ಇದ್ರಿ. ನೀವು ಏನೂ ಅನ್ನಲಿಲ್ಲಲ್ಲ, ಖರೇನ ಇರಬೇಕು ಅಂದ್ಕೊಂಡ್ನಿ.’

ಅವನು ಅದನ್ನು ದೂರಿನಂತೆ ಹೇಳಲಿಲ್ಲ. ಹವಾ ಹೇಗಿತ್ತು ಎಂದು ಹೇಳಿದಂತೆ ಹೇಳಿದ. ‘ಇನ್ನ ಮುಂದ ನಾ ಸುಮ್ನಿರಂಗಿಲ್ಲ’ ಎಂದು ಅವನಿಗೂ ರಾಣಿಗೂ ಹೇಳಿದೆ.

ಈಗ ನಿಮ್ಮ ಬಣ್ಣಗಳ ವಿಚಾರಕ್ಕೆ ಬರುತ್ತೇನೆ. ಹಸಿರು, ಹಳದಿ, ಕಿತ್ತಳೆ, ಕೆಂಪು. ಇವನ್ನು ಆರಿಸಿದ ಸಮಿತಿಯಲ್ಲಿ ದೊಡ್ಡ ದೊಡ್ಡ ವಿದ್ವಾಂಸರು ಇದ್ದಿರಬೇಕು. ಬಾಯವ್ವನ ರಾಮದುರ್ಗ ತಾಲ್ಲೂಕಿನ ಒಬ್ಬ ಹೆಂಗಸಾದರೂ ಇದ್ದಳೇ? ಇದ್ದಿದ್ದರೆ ಹೇಳುತ್ತಿದ್ದಳು: ಹಸಿರು ಅಂದರೆ ಬಳೆ, ಬಸುರಿಗೆ ಉಡಿಸುವ ಸೀರೆ. ಹಳದಿ ಅಂದರೆ ಅರಿಷಿಣ, ಭಂಡಾರ. ಕಿತ್ತಳೆ ಅಂದರೆ ಚೆಂಡು ಹೂವಿನ ಮಾಲೆ. ಕೆಂಪು ಅಂದರೆ ಕುಂಕುಮ. ನಿಮ್ಮ ಎಚ್ಚರಿಕೆಯ ನಕ್ಷೆಯನ್ನು ನಮ್ಮ ಕಡೆಯ ಹೆಂಗಸು ನೋಡಿದರೆ ಯಾರೋ ಕರಾವಳಿಗೆ ಉಡಿ ತುಂಬುತ್ತಿದ್ದಾರೆ ಅನಿಸುತ್ತದೆ. ಅಪಾಯ ಹೆಚ್ಚಿದಷ್ಟೂ ಶುಭ ಹೆಚ್ಚುತ್ತದೆ! ಬಾಯವ್ವ ಮಾತ್ರ ತಪ್ಪು ತಿಳಿದರು ಎಂದೇನಿಲ್ಲ. ನಮ್ಮ ಮನೆಯಲ್ಲೂ ಹಸಿರೆಂದರೆ ದರ್ಗಾಕ್ಕೆ ಏರಿಸುವ ಚಾದರ. ಬಣ್ಣಕ್ಕೆ ಹೆದರುವುದನ್ನು ನಮಗೆ ಯಾರೂ ಕಲಿಸಿಲ್ಲ. ಊರಿಗೆ ಸಿಗ್ನಲ್ ದೀಪ ಬಂದು ಎಷ್ಟೋ ಕಾಲವಾಯಿತು, ಅದಕ್ಕೂ ಇನ್ನೂ ಹೆದರುತ್ತಿಲ್ಲ. ಅದು ಬೇರೆ ಪತ್ರದ ವಿಷಯ.

ನಿಮಗೆ ಅನ್ಯಾಯವಾಗಬಾರದು, ಅದನ್ನೂ ಹೇಳುತ್ತೇನೆ. ಆಮೇಲಿನ ತಿಂಗಳುಗಳಲ್ಲಿ ನಿಮ್ಮ ಮುನ್ಸೂಚನೆಯನ್ನು ದಿನಾ ಬರೆದಿಟ್ಟು, ಮರುದಿನ ಬಂದರದಲ್ಲಿರುವ ಬಾಳೇಶನ ಗೆಳೆಯರನ್ನು ಕೇಳಿ ಹೋಲಿಸಿ ನೋಡಿದೆ. ನೀವು ಬಹುಪಾಲು ಸರಿ. ಗಾಳಿ ಅಂದ ದಿನ ಗಾಳಿ ಬಂತು, ಶಾಂತ ಅಂದ ದಿನ ಶಾಂತವಿತ್ತು. ಇಷ್ಟು ಸರಿಯಾಗಿ ಲೆಕ್ಕ ಹಾಕುವವರು ಅದನ್ನು ಹೇಳುವಾಗ ಇಷ್ಟು ಎಡವುವುದೇಕೆ ಎಂಬುದೇ ನನ್ನ ಬೆರಗು. ಒಳ್ಳೆಯ ಅರಿವೆ, ಒಳ್ಳೆಯ ಅಳತೆ, ಕೊನೆಗೆ ತೋಳನ್ನು ಕೊರಳಿಗೆ ಹಚ್ಚಿ ಕೊಟ್ಟಂತೆ.

ಈ ಹೊಲಿಗೆಯ ಹೋಲಿಕೆ ನನಗೆ ಬಂದದ್ದು ಅಪ್ಪನಿಂದ. ಒಂದು ಸಂಜೆ ನಾನು ನಿಮ್ಮ ಅಂಕಿಗಳನ್ನು ರಾಣಿಗೆ ವಿವರಿಸಲು ಒದ್ದಾಡುತ್ತಿದ್ದೆ. ಗಾಳಿಯ ವೇಗ ಇಷ್ಟು ನಾಟ್, ಅಲೆಯ ಎತ್ತರ ಇಷ್ಟು ಮೀಟರ್. ಅಪ್ಪ ಮಶಿನ್ ನಿಲ್ಲಿಸಿದರು. ‘ಬೇಟಾ, ಅಳತಿ ತಗೊಂಡ ಮ್ಯಾಲ ಗಿರಾಕಿಗೆ ಮೂವತ್ತೆಂಟ ಇಂಚ ಅಂತ ಹೇಳತೀಯೇನು?’

‘ಇಲ್ಲ.’

‘ಏನ್ ಹೇಳತೀ?’

‘ಬಿಗಿ ಆಗತೈತಿ, ಸಡ್ಲ ಆಗತೈತಿ ಅಂತ.’

‘ಹಾಂ. ಇಂಚ ನಿನ್ನ ಚೀಟಿಗೆ. ಗಿರಾಕಿಗೆ ಮೈ ಹೇಳಬೇಕು.’ ಎದ್ದು ನಿಂತು ಟೇಪು ಕೊರಳಿಂದ ತೆಗೆದರು. ‘ತಾ ಇಲ್ಲೆ, ಎಷ್ಟ ಎತ್ತರ ಅಂದಿದ್ದಿ ಅವತ್ತಿನ ಆ ಅಲಿ?’

ಎಪ್ಪತ್ತಾರು ವರ್ಷದ ಮನುಷ್ಯ ಸ್ಟೂಲು ಹತ್ತಿದರು. ರಾಣಿ ಸ್ಟೂಲು ಹಿಡಿದಳು, ನಾನು ಅವರನ್ನು ಹಿಡಿದೆ. ದರ್ಜಿಯ ಟೇಪು ಒಂದೂವರೆ ಮೀಟರಿಗೆ ಮುಗಿಯುತ್ತದೆ, ಎರಡು ಸಲ ಇಡಬೇಕಾಯಿತು. ಅರಿವೆಗೆ ಗುರುತು ಹಾಕುವ ಸುಣ್ಣದ ಬಿಲ್ಲೆಯಿಂದ ಗೋಡೆಯ ಮೇಲೆ ಒಂದು ಗೆರೆ ಎಳೆದರು. ಎರಡು ಪಾಯಿಂಟ್ ಆರು. ಬಾಗಿಲ ಚೌಕಟ್ಟಿಗಿಂತ ಒಂದು ಮೊಳ ಮೇಲೆ, ಚಾವಣಿಯ ತೊಲೆಯ ಹತ್ತಿರ.

ರಾಣಿ ಹೋಗಿ ಆ ಗೆರೆಯ ಕೆಳಗೆ ಗೋಡೆಗೆ ಬೆನ್ನು ಕೊಟ್ಟು ನಿಂತಳು. ತಲೆಯ ಮೇಲೆ ಕೈ ಎತ್ತಿದಳು. ಮುಟ್ಟಲಿಲ್ಲ. ಕಾಲ್ಬೆರಳ ತುದಿಯಲ್ಲಿ ನಿಂತಳು. ಆಗಲೂ ಮುಟ್ಟಲಿಲ್ಲ.

‘ಇಷ್ಟ ನೀರೇನ್ರಿ?’ ಅಂದಳು. ‘ನಾನು ಚೂಡಿದಾರದ ಅರಿವಿ ಅಂದಿದ್ದೆ.’

ನಾನು ಇನ್ನೊಂದು ಮಾತು ಹೇಳಬೇಕಾಯಿತು. ನೀವು ಕೊಡುವುದು ದೊಡ್ಡ ಅಲೆಗಳ ಸರಾಸರಿ. ನಡುವೆ ಒಂದೊಂದು ಅದರ ಎರಡರಷ್ಟೂ ಏಳಬಹುದು ಎಂದು ನಿಮ್ಮ ಟಿಪ್ಪಣಿಯ ಕೊನೆಯಲ್ಲಿ ಇರುವೆಯಷ್ಟು ಅಕ್ಷರದಲ್ಲಿ ಇರುತ್ತದೆ. ಅಪ್ಪ ಮೇಲೆ ನೋಡಿದರು. ‘ಹಂಗಾರ ಅದು ಮ್ಯಾಲಿನ ಮನಿ ಶೇಖ ಸಾಹೇಬರ ಮಂಚದ ತನಕ ಹೋತು’ ಅಂದರು. ಮೂವರೂ ನಕ್ಕೆವು. ರಾಣಿ ಮೊದಲು ನಗು ನಿಲ್ಲಿಸಿದಳು.

ಅವತ್ತಿನಿಂದ ನಮ್ಮ ಅಂಗಡಿಯ ಆ ಗೋಡೆಯೇ ನಿಮ್ಮ ಶಾಖಾ ಕಚೇರಿ. ಗೋಡೆಯ ಮೇಲೆ ನಾಲ್ಕು ಗೆರೆಗಳಿವೆ: ಮೊಣಕಾಲು, ಟೊಂಕ, ತಲೆ, ತೊಲೆ. ನಿಮ್ಮ ಮೀಟರನ್ನು ನಾನು ಗೋಡೆಗೆ ಇಳಿಸುತ್ತೇನೆ. ಮೊಣಕಾಲೆಂದರೆ ಹೋಗಬಹುದು. ಟೊಂಕವೆಂದರೆ ತಂಡೇಲನ ಮೇಲೆ ಭರವಸೆಯಿದ್ದರೆ ಹೋಗಬಹುದು. ತಲೆಯೆಂದರೆ ದಂಡೆ ಬಿಡಬಾರದು. ತೊಲೆಯೆಂದರೆ ಚಹಾ ಕುಡಿದು ಮಲಗಬೇಕು. ಬ್ಲೌಸು ಹೊಲಿಸಲು ಬಂದ ಹೆಂಗಸರೂ ಈಗ ಕೇಳುತ್ತಾರೆ, ‘ಇವತ್ತ ಸಮುದ್ರ ಎಲ್ಲೀತನಕ ಐತ್ರಿ?’ ಎಂದು. ಸಂಪಗಾವಿಯಿಂದ ಬಂದ ಮಹಾನಂದಾ ಎಂಬವರು ತಮ್ಮ ತಮ್ಮನೂ ಬೋಟಿನಲ್ಲಿದ್ದಾನೆಂದು ಗೋಡೆಯ ಫೋಟೋ ತೆಗೆದುಕೊಂಡು ಹೋದರು. ಈ ಅಳತೆಗೋಲು ಶಾಸ್ತ್ರೀಯವೇ? ಖಂಡಿತ ಅಲ್ಲ. ಎಲ್ಲಿ ಗೆರೆ ಎಳೆಯಬೇಕು, ಯಾವ ಗೆರೆಗೆ ‘ಬೇಡ’ ಅನ್ನಬೇಕು ಎಂಬುದನ್ನು ನಾನು, ಸಮುದ್ರವನ್ನು ಮೂರು ಸಲ ನೋಡಿದವಳು, ಕಾಜಾ ಹಾಕುವ ಮುದುಕರೊಬ್ಬರ ಸಲಹೆಯಂತೆ ತೀರ್ಮಾನಿಸಿದ್ದೇನೆ. ಇದು ನಿಮಗೆ ಭಯ ಹುಟ್ಟಿಸಬೇಕು. ನನಗಂತೂ ಹುಟ್ಟಿಸುತ್ತದೆ.

ಇದನ್ನೆಲ್ಲ ಬಹಿರಂಗವಾಗಿ ಬರೆಯುವ ಮೊದಲು ನಿಮ್ಮ ಕಚೇರಿಗೆ ಎರಡು ಮೇಲ್ ಕಳಿಸಿದ್ದೆ. ನನ್ನ ಅಭಿಪ್ರಾಯ ಅಮೂಲ್ಯವೆಂಬ ಉತ್ತರ ಎರಡು ಸಲವೂ ಅದೇ ಕ್ಷಣಕ್ಕೆ ಬಂತು. ಅಷ್ಟು ಬೇಗ ಬೆಲೆ ಕಟ್ಟಿದ್ದಕ್ಕೆ ಕೃತಜ್ಞಳು. ಕೊನೆಗೆ ಫೋನು ಮಾಡಿದೆ. ಸಭ್ಯ ದನಿಯವರೊಬ್ಬರು ಎತ್ತಿಕೊಂಡರು.

‘ಮೇಡಂ, ನೀವು ಯಾವ ಕರಾವಳಿ ಜಿಲ್ಲೆ?’

‘ಬೆಳಗಾವಿ.’

‘ಮೇಡಂ, ಬೆಳಗಾವಿಯಲ್ಲಿ ಸಮುದ್ರ ಇಲ್ಲ.’

‘ಅದು ನಮಗೂ ಗೊತ್ತಾಗಿದೆ ಸರ್.’

‘ಹಾಗಾದರೆ ನಿಮ್ಮ ಜಿಲ್ಲೆ ನಮ್ಮ ಸಂದೇಶದ ಪಟ್ಟಿಯಲ್ಲಿ ಬರುವುದಿಲ್ಲ. ನಿಮಗೆ ಮಳೆಯ ಮಾಹಿತಿ ಬೇಕಾದರೆ ಬೇರೆ ವಿಭಾಗ ಇದೆ.’

ಅವರ ತಪ್ಪೇನಿಲ್ಲ, ಅವರ ಮುಂದಿನ ಪಟ್ಟಿಯಲ್ಲಿ ಹಾಗೆ ಇತ್ತು. ಆದರೆ ನಿಮ್ಮನ್ನು ಕೇಳುತ್ತೇನೆ: ಸಮುದ್ರ ದಡದಲ್ಲಿ ಮುಗಿಯುತ್ತದೆಯೇ? ಬೋಟಿನಲ್ಲಿ ಹತ್ತು ಜನ ಇದ್ದರೆ ಆ ಬೋಟಿಗೆ ಹತ್ತು ಮನೆಗಳ ಹಗ್ಗ ಕಟ್ಟಿರುತ್ತದೆ. ಒಂದು ಮನೆ ಬಂದರದಲ್ಲಿದ್ದರೆ ಇನ್ನೊಂದು ತೊರಗಲ್ಲಿನಲ್ಲಿ, ಮತ್ತೊಂದು ಚಚಡಿಯಲ್ಲಿ. ಹೋಗಲೋ ಬೇಡವೋ ಎಂಬ ಮಾತು ಕೊನೆಗೆ ತೀರ್ಮಾನವಾಗುವುದು ಆ ಮನೆಗಳಲ್ಲಿ. ನೀವು ಎಚ್ಚರಿಕೆ ಕೊಡುತ್ತಿರುವುದು ಮಾತ್ರ ದಡದಲ್ಲಿ ನಿಂತವನಿಗೆ. ಅವನು ಆಗಲೇ ಕಾಲು ಒದ್ದೆ ಮಾಡಿಕೊಂಡಿರುತ್ತಾನೆ.

ಆಗಸ್ಟ್ ಒಂದಕ್ಕೆ ಮೀನುಗಾರಿಕೆಯ ನಿಷೇಧ ಮುಗಿಯುತ್ತದೆ. ಬಾಳೇಶನ ಕೈ ಕೂಡಿದೆ, ಬೋಟಿನ ಮಾಲೀಕರಿಂದ ಕರೆ ಬಂದಿದೆ. ಹೋಗಬೇಡ ಎಂದು ರಾಣಿ ಒಂದು ವಾರ ಜಗಳವಾಡಿದಳು. ಅವನು ಒಂದೇ ಮಾತು ಅಂದನಂತೆ: ‘ಹೊಲದಾಗ ನಾ ಎಲ್ಲಾರಂಗ ಒಬ್ಬಾವ. ಅಲ್ಲೆ ಬಲಿ ಎಳಿಯುವಾಗ ಹರಗೋಲ ನಡಸತಿದ್ದ ನಮ್ಮ ಮುತ್ಯಾ ನೆನಪ ಆಗತಾನ.’ ಅವಳು ಜಗಳ ಬಿಟ್ಟಳು. ಮೊನ್ನೆ ಹುಕ್ಕು ಹಚ್ಚುತ್ತ, ತಲೆ ಎತ್ತದೆ ಅಂದಳು: ‘ಅಕ್ಕಾರ, ನಾವಿಬ್ರೂ ಒಂದ ಮಾತಿಗೆ ಬಂದೇವ್ರಿ. ದಿನಾ ನೀವು ಹೋಗ್ರಿ ಅಂದ್ರ ಹೋಗೂದು, ಬ್ಯಾಡ ಅಂದ್ರ ಇಲ್ಲ. ನಿಮ್ಮ ಮಾತ ಆಖೈರ.’

ನಾನು ಬೇಡ ಎಂದು ತಲೆಯಾಡಿಸಿದೆ. ‘ಯಾಕ್ರಿ, ಈ ಸಲ ಸುಮ್ನಿರಂಗಿಲ್ಲ ಅಂದಿದ್ರಲ್ಲ?’ ಅಂದಳು, ಅಷ್ಟೇ ಸಹಜವಾಗಿ.

ಸುಮ್ಮನಿರುವುದಿಲ್ಲ ಮಾನ್ಯರೇ. ಆದರೆ ಒಬ್ಬ ಮನುಷ್ಯನ ಜೀವದ ಮೇಲೆ ಆಖೈರು ಮಾತು, ಕೊನೆಯ ಮಾತು, ಆಡಲು ನನಗೆ ಯಾವ ಯೋಗ್ಯತೆ? ನೀವು ಓದಿದ್ದೀರಿ, ಉಪಕರಣ ಇಟ್ಟುಕೊಂಡಿದ್ದೀರಿ, ಸಂಬಳ ತೆಗೆದುಕೊಳ್ಳುತ್ತೀರಿ. ಬೇಕಾದರೆ ನನ್ನ ಟೇಪು ಕಳಿಸುತ್ತೇನೆ. ಬೋಟು ಬಿಡುವ ಹಿಂದಿನ ಸಂಜೆ, ಐದು ಗಂಟೆಯೊಳಗೆ, ಒಂದೇ ಒಂದು ವಾಕ್ಯ ಕೊಡಿ. ಬರಹದಲ್ಲಿ ಬೇಡ, ದನಿಯಲ್ಲಿ ಕೊಡಿ. ಬಾಯವ್ವನಿಗೆ ಅರ್ಥವಾಗುವ ಕನ್ನಡದಲ್ಲಿ, ‘ನಾಳೆ ನೀರು ಆಳೆತ್ತರ ಏಳುತ್ತದೆ, ಹೋಗಬೇಡಿ’ ಎಂದೋ ‘ಮೊಣಕಾಲಿನಷ್ಟು, ಹೋಗಿ ಬನ್ನಿ’ ಎಂದೋ. ಬಣ್ಣವನ್ನು ನಿಮ್ಮ ನಕ್ಷೆಗೆ ಇಟ್ಟುಕೊಳ್ಳಿ. ಬೋಟು ಹತ್ತುವ ಪ್ರತಿಯೊಬ್ಬನಿಂದ ಅವನ ಮನೆಯ ಒಂದು ನಂಬರು ಬರೆಸಿಕೊಂಡು, ಆ ವಾಕ್ಯವನ್ನು ಆ ಮನೆಗೂ ಕಳಿಸಿ, ಅದು ಯಾವ ಜಿಲ್ಲೆಯಲ್ಲೇ ಇರಲಿ. ಇಷ್ಟೇ ಬೇಡಿಕೆ. ಜುಲೈ ಮೂವತ್ತೊಂದರ ಸಂಜೆ ಐದರೊಳಗೆ ಅದು ಬರದಿದ್ದರೆ ನಾನು ‘ಬ್ಯಾಡ’ ಎನ್ನುತ್ತೇನೆ. ಮರುದಿನವೂ ಬ್ಯಾಡ, ಅದರ ಮರುದಿನವೂ ಬ್ಯಾಡ. ಗೊತ್ತಿಲ್ಲದವಳು ಅನ್ನಬಹುದಾದ ಪ್ರಾಮಾಣಿಕ ಮಾತು ಅದೊಂದೇ. ನೀರು ಶಾಂತವಾಗಿದ್ದ ದಿನವೂ ಬಾಳೇಶ ದಡದಲ್ಲಿ ಕೂತು ಜೊತೆಗಾರರ ನಗೆಗೆ ಗುರಿಯಾದರೆ ಆ ಹೊಣೆಯನ್ನು ನಾನೊಬ್ಬಳೇ ಹೊರುವುದಿಲ್ಲ.

ಮುಗಿಸುವ ಮುನ್ನ ನಿನ್ನೆಯ ಒಂದು ಸಂಗತಿ. ಬಾಯವ್ವ ಬಂದಿದ್ದರು. ಅಕ್ಟೋಬರಿನ ಆ ಗುರುವಾರದ ಬಗ್ಗೆ ನಾವಿಬ್ಬರೂ ಈವರೆಗೆ ಒಂದು ಮಾತೂ ಆಡಿರಲಿಲ್ಲ. ರಾಣಿ ಗೋಡೆಯ ನಾಲ್ಕು ಗೆರೆಗಳನ್ನು ತೋರಿಸಿ, ಯಾವುದು ಏನೆಂದು ಅತ್ತೆಗೆ ಹೇಳಿದಳು. ಬಾಯವ್ವ ತುಂಬ ಹೊತ್ತು ನೋಡಿದರು. ತೊಲೆಯ ಹತ್ತಿರದ ಗೆರೆ ನೋಡಲು ಸೆರಗು ಜಾರುವಷ್ಟು ತಲೆ ಎತ್ತಿದರು. ಆಮೇಲೆ ನೆಲಕ್ಕೆ ಕೂತು ಸೆರಗಿನ ಗಂಟು ಬಿಚ್ಚಿ, ಚಿಟಿಕೆ ಭಂಡಾರ ತೆಗೆದು, ಮೊಣಕಾಲಿನ ಗೆರೆಗೆ ಉದ್ದಕ್ಕೆ ಹಚ್ಚಿದರು.

‘ಇಲ್ಲೀತನಕ ನಮ್ಮವ್ವ ನೋಡ್ಕೋತಾಳ’ ಅಂದರು, ಎದ್ದು ಕೈ ಒರೆಸಿಕೊಳ್ಳುತ್ತ. ‘ಇದರ ಮ್ಯಾಲಿಂದು ನೀವ ನೋಡ್ಕೋರಿ.’

ಅವರು ಹೇಳಿದ್ದು ನನಗೆ, ಅಪ್ಪನಿಗೆ. ಆದರೆ ಆ ಮಾತು ಮುಟ್ಟಬೇಕಾದ ವಿಳಾಸ ನಿಮ್ಮದು ಅನಿಸಿ ಇಲ್ಲಿ ಬರೆದಿದ್ದೇನೆ. ಗೋಡೆಗೆ ಸುಣ್ಣ ಬಳಿಯುವ ಕಾಲ ಬಂದಿದೆ. ನಿಮ್ಮ ವಾಕ್ಯ ಬರುವವರೆಗೆ ಆ ಗೋಡೆಯನ್ನು ಬಿಟ್ಟು ಉಳಿದ ಮೂರಕ್ಕೆ ಬಳಿಯಿರಿ ಎಂದು ಅಪ್ಪ ಆಳಿಗೆ ಹೇಳಿದ್ದಾರೆ.

ಇಂತಿ,
ಸಮುದ್ರವಿಲ್ಲದ ಊರಲ್ಲಿ, ಆದೇಶವೂ ಇಲ್ಲದೆ ನಿಮ್ಮ ಶಾಖೆ ನಡೆಸುತ್ತಿರುವ,
ಒಮ್ಮೆ ಸುಮ್ಮನಿದ್ದು ಕಲಿತ,
ನಾಜಿಯಾ
ಹೊಲಿಗೆ ಅಂಗಡಿ, ಬಜಾರ, ಬೈಲಹೊಂಗಲ